ಸೊನ್ನೆ ಬಿಂದು ಐದು

ಎರಡು ಹಾಳೆ ನನ್ನೆದುರು. ಮೇ ಹದಿನಾರರದೊಂದು,
ಇಪ್ಪತ್ತೈದರದೊಂದು.
ಉಪಗ್ರಹ ಎರಡು ಸಲ ಕೌಟೊಕೈನೊ ದಾಟಿಹೋಗಿದೆ,
ಒಮ್ಮೆ ತುಸು ಮೂಡಣಕ್ಕೆ, ಒಮ್ಮೆ ತುಸು ಪಡುವಣಕ್ಕೆ ಸರಿದು.
ನಡುವಿನ ಹನ್ನೊಂದು ಕಿಲೋಮೀಟರು ಎರಡಕ್ಕೂ ಸಿಕ್ಕಿದೆ,
ಪಾಲಾದ ಮೇಲೂ ಅಣ್ಣತಮ್ಮಂದಿರ ನಡುವೆ
ಉಳಿದುಕೊಂಡ ಬದುವಿನ ಹಾಗೆ.
ಆ ಪಟ್ಟಿಯೊಳಗೆ ಹಾವ್ಗಾಜಾವ್ರಿ,
ನಾವು ಚಿಕ್ಕವರಿದ್ದಾಗ ಮೀನಿಗೆಂದು ತೂತು ಕೊರೆದ ಸರೋವರ.

ಹಾಳೆ ಎಂದೆನೇ? ಹಾಳೆಯಲ್ಲ, ಚೌಕಗಳು.
ಹತ್ತು ಮೀಟರಿಗೊಂದು ಚೌಕ, ಚೌಕಕ್ಕೊಂದು ಅಂಕಿ.
ಒಂದು ಎಂದರೆ ಗಡ್ಡೆ. ಸೊನ್ನೆ ಎಂದರೆ ನೀರು.
ಮೋಡ ಕೂತಲ್ಲಿ
ಮೈನಸ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು:
ಗೊತ್ತಿಲ್ಲ ಎನ್ನಲು ಯಂತ್ರಕ್ಕೆ ನಾವು ಕಲಿಸಿದ ಮಾತು.
ಅದು ಬರೀ ಮಾತು, ಎಣಿಸಬೇಡ ಎಂದು ಮೊದಲೇ ಹೇಳದಿದ್ದರೆ
ಅದನ್ನೂ ಕೂಡಿಸಿ ಭಾಗಿಸಿಬಿಡುತ್ತದೆ, ಪಾಪ.
ಹೋದ ವರ್ಷ ಎತ್ತರದ ಲೆಕ್ಕದಲ್ಲಿ ಶಾಲೆಯ ಹಿಂದಿನ ಗುಡ್ಡ
ನಾಲ್ಕು ಸಾವಿರದ ಏಳುನೂರು ಮೀಟರು ಪಾತಾಳಕ್ಕಿಳಿದಿತ್ತು.
ನಕ್ಕೆವು.
ಗುಡ್ಡ ಅಲ್ಲೇ ಇತ್ತು, ಕಿಟಕಿಯಾಚೆ.

ಒಂದೇ ಹಾಳೆ ಮಾತಾಡುವ ಕಡೆ ತಕರಾರಿಲ್ಲ.
ಎರಡೂ ಬಾಯಿ ತೆರೆದ ಕಡೆ ಕೋಡ್ ನನ್ನ ಮುಖ ನೋಡುತ್ತದೆ:
ಮೊದಲು ಬಂದವನದೋ? ಕಡೆಗೆ ಬಂದವನದೋ?
ದೊಡ್ಡದೋ, ಚಿಕ್ಕದೋ?
ಸರಾಸರಿ, ಎಂದು ಬರೆದೆ ನಾನು.
ಇಬ್ಬರಿಗೂ ಬೇಸರವಾಗದಿರಲಿ ಎಂಬ ಪಂಚಾಯಿತಿ ಬುದ್ಧಿ.
ಒಂದು ಸಾಲು. ಆವರಣದೊಳಗೆ ಒಂದು ಪದ.
ಹೊಲಿಗೆ ಮಾಯ!
ಹಾವ್ಗಾಜಾವ್ರಿ ಇಡೀ ತೆಳುನೀಲಿ, ಹಾಲು ಬೆರೆಸಿದ ಶಾಯಿ.
ಎಷ್ಟು ಚಂದವೆಂದರೆ
ಗೋಡೆಯಳತೆಗೆ ಅಚ್ಚು ಹಾಕಿ, ತೂಗುಹಾಕಿ,
ಕಾಫಿ ತರಲು ಹೋದೆ.

ವಾಪಸು ಬಂದರೆ ಅದರೆದುರು ಆಸ್ಲಾತ್,
ಹೊರಗೆ ಹಿಮಗಾಡಿಯ ಎಂಜಿನ್ ಆರಿಸದೆ ಬಂದವನು,
ಕೈಗವಸಿನಲ್ಲಿ ಬರ್ಚ್ ಸೌದೆಯ ಹೊಗೆ.
"ರಾವ್ದ್ನಾ, ಇದೆಂಥ ಬಣ್ಣ?"
"ಸೊನ್ನೆ ಬಿಂದು ಐದು."
"ಹಾಗಂದರೆ?"
"ಅರ್ಧ ಗಡ್ಡೆ."
ಬೆರಳಿಟ್ಟ. ಒತ್ತಿದ, ಕಾಗದ ಬಿರಿಯುತ್ತದೇನೋ ಎಂಬಂತೆ.
"ಮುನ್ನೂರು ಸಾರಂಗಗಳಿವೆ ನನ್ನಲ್ಲಿ, ಮರಿ ಹಾಕಿದವೇ ಹೆಚ್ಚು.
ಎಲ್ಲಕ್ಕೂ ಮುಂದೆ ಒಂಟಿಕೊಂಬಿನ ಮುದಿ ಹೆಣ್ಣು.
ಅಂಚಿಗೆ ಬಂದು ಒಂದು ಕಾಲಿಡುತ್ತದೆ.
ಇಲ್ಲ ನಡೆಯುತ್ತದೆ, ಇಲ್ಲ ನಿಲ್ಲುತ್ತದೆ.
ಅರ್ಧ ನಡೆದದ್ದನ್ನು ನಾನು ಕಂಡಿಲ್ಲ."
ಆಮೇಲೆ, ಬಾಗಿಲ ಕಡೆ ನೋಡುತ್ತ,
"ಇದು ಯಾವ ದಿನದ ಸರೋವರ?"

ಹುಡುಕಿದೆ. ಹದಿನಾರೂ ಅಲ್ಲ, ಇಪ್ಪತ್ತೈದೂ ಅಲ್ಲ,
ಯಾವ ಕ್ಯಾಲೆಂಡರಿನಲ್ಲೂ ಬೆಳಗಾಗದ ಒಂದು ದಿನ.
ಎರಡು ದೋಣಿಯಲ್ಲಿ ಕಾಲಿಟ್ಟು
ಅದರೊಳಗೆ ನಾನೇ ನಿಂತಿದ್ದೆ, ಕಾಫಿ ಲೋಟದ ಸಮೇತ.

ಪದ ಅಳಿಸಿದೆ. ಕನಿಷ್ಠ, ಎಂದು ಬರೆದೆ:
ಇಬ್ಬರಲ್ಲಿ ಒಬ್ಬ ನೀರೆಂದರೂ ನೀರೇ.
ಅಂಜುಬುರುಕ ಕೋಡ್. ಇರಲಿ.
ಪಟ್ಟಿ ಮುಗಿಯುವಲ್ಲಿ ಸೀಳು ಮತ್ತೆ ಎದ್ದುಬಂತು,
ಬಿಳಿ ಹೊಳೆಯೊಂದು ಒಂದೇ ಚೌಕದಲ್ಲಿ ಕಪ್ಪಾಯಿತು,
ಒಂಬತ್ತು ದಿನ ಒಂದೇ ಹೆಜ್ಜೆಗೆ ಕಳೆದವು.
ಉಜ್ಜಲಿಲ್ಲ.
ಸೀಳಿನ ಎರಡೂ ದಡಕ್ಕೆ ತಾರೀಖು ಹಾಕಿ ಅಚ್ಚು ತೆಗೆದೆ.

ಆಸ್ಲಾತ್ ಅದನ್ನು ಮಡಚಿ ಜೇಬಿಗಿಳಿಸಲಿಲ್ಲ.
ಪೆನ್ನು ಕೇಳಿದ, ತಿರುವಿಹಾಕಿ ಬೆನ್ನಿಗೆ ಬರೆದ:
ಇಪ್ಪತ್ತೆಂಟು, ಬೆಳಗಿನ ಆರು. ತೆಂಕಣ ಅಂಚು ಕಪ್ಪು.
ಬಡಗಣ ತಾಳುತ್ತದೆ, ಬಹುಶಃ.
ನನಗೇ ಕೊಟ್ಟು ಹೋದ.

ರಾತ್ರಿ ಹನ್ನೊಂದು. ಕಿಟಕಿಯಲ್ಲಿನ್ನೂ ಬೆಳಕು.
ಈ ಮೂರನೆಯ ಹಾಳೆಯನ್ನು ಯಾವುದರ ಮೇಲೆ ಹಾಸಲಿ,
ಆ 'ಬಹುಶಃ'ವನ್ನು ಯಾವ ಅಂಕಿಯಲ್ಲಿ ಇಡಲಿ ಎಂದು
ಕೂತೇ ಇದ್ದೇನೆ.
ಅವನ ಗಾಡಿಯ ಸದ್ದು ಮಾತ್ರ, ಆಗಲೇ ಕೇಳಿಸಿತ್ತು,
ಬಡಗಣಕ್ಕೂ ಹೋಗದೆ
ಗುಡ್ಡ ಬಳಸುವ ಸುತ್ತುದಾರಿ ಹಿಡಿದದ್ದು.